ಅಂಗಳದಲ್ಲಿ ಕಾರು, ಅಟ್ಟದ ಮೇಲೆ ತಂಬೂರಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶುರುವಾಗುವುದೇ "ಅಕ್ಕಾರ, ಪುರುಸೊತ್ತೇ ಇಲ್ಲ" ಅಂತ. ಮೂರನ್ನು ಆರಿಸಿದ್ದೇನೆ. ಹೆಸರು ಹಾಕಬೇಡಿ ಅಂತ ಮೂವರೂ ಕೇಳಿಕೊಂಡಿದ್ದಾರೆ, ಹಾಗಾಗಿ ಊರಷ್ಟೇ ಕೊಟ್ಟಿದ್ದೇನೆ. ಮೊದಲನೆಯ ಪತ್ರಕ್ಕೆ ಜಾಸ್ತಿ ಜಾಗ ಹೋಗಿದೆ. ಅಂಥ ಮನೆಗಳು ನಮ್ಮಲ್ಲಿ ಬಹಳ ಇವೆ.

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ. ನಮ್ಮದು ಹುಬ್ಬಳ್ಳಿಯ ನವನಗರ. ಧಾರವಾಡದ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ, ಸಂಬಳ 34,000. ಮನೆಯವರು ಗೋಕುಲ ರೋಡಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಅವರಿಗೆ 52,000. ಮಗನಿಗೆ 11 ವರ್ಷ, ಮಗಳಿಗೆ 7. ಮನೆ ಸಾಲದ ಕಂತು 24,500. ಎರಡು ವರ್ಷದ ಹಿಂದೆ 8 ಲಕ್ಷ ಸಾಲ ಮಾಡಿ ಕಾರು ತಗೊಂಡೆವು, ಏಳು ವರ್ಷದ ಸಾಲ, ಕಂತು 13,000. ನನ್ನ 26,000ದ ಮೊಬೈಲೂ ಕಂತಿನ ಮೇಲೆಯೇ. ಫೀ, ಟ್ಯೂಷನ್, ತಿಂಗಳಿಗೆ 5,000ದ ಭಿಶಿ (ಚೀಟಿ) ಬೇರೆ. ಕಾರು ಬಂದ ಮೇಲೆ ದುಡ್ಡು ಸಾಲುತ್ತಿಲ್ಲ ಅಂತ ಇಬ್ಬರು ಅಂಗಡಿಯವರ ಜಿಎಸ್‌ಟಿ ಲೆಕ್ಕವನ್ನು ಮನೆಗೆ ತಂದು ದಿನಾ ರಾತ್ರಿ ಒಂದೂವರೆ ತಾಸು ಮಾಡುತ್ತೇನೆ, 7,000 ಸಿಗುತ್ತದೆ. ಮನೆಯವರು ಬೈಕಿನ ಮೇಲೆ ಹೋಗುತ್ತಾರೆ, ನಾನು ಬಸ್ಸಿಗೆ. ಕಾರು ರವಿವಾರಕ್ಕೆ, ಲಗ್ನಕ್ಕೆ. ಎಂಟೂವರೆಗೆ ಮನೆ ಬಿಟ್ಟರೆ ತಿರುಗಿ ಬರುವುದು ಏಳೂಕಾಲಿಗೆ. ಐದಕ್ಕೆ ಎದ್ದರೆ ಮಲಗುವಾಗ ಹನ್ನೊಂದು. ಮದುವೆಗೆ ಮೊದಲು ಆರು ವರ್ಷ ಹಿಂದೂಸ್ತಾನಿ ಸಂಗೀತ ಕಲಿತಿದ್ದೆ, ತಂಬೂರಿ ಅಟ್ಟದ ಮೇಲಿದೆ. ಮೊನ್ನೆ ಮಗಳು "ಅವ್ವಾ, ನೀ ಸುಮ್ನ ಯಾವಾಗ ಕುಂದರ್ತಿ?" ಅಂತ ಕೇಳಿದಳು. ಏನು ಹೇಳಬೇಕೋ ತಿಳಿಯಲಿಲ್ಲ. ಸಮಯ ಹೊಂದಿಸಿಕೊಳ್ಳುವುದು ಹೇಗೆ?

ಉತ್ತರ: ತಂಗಿ, ನೀವು ಕೇಳಿದ್ದು ಸಮಯದ ಬಗ್ಗೆ, ಆದರೆ ಬರೆದದ್ದೆಲ್ಲ ದುಡ್ಡಿನ ಬಗ್ಗೆ. ಅಲ್ಲೇ ಉತ್ತರ ಇದೆ. ಇನ್ನೂ ಅರ್ಧ ತಾಸು ಮುಂಚೆ ಏಳಿ, ಡೈರಿ ಇಡಿ, ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಎಚ್ಚರ ಇರುವ ಹದಿನೆಂಟು ತಾಸನ್ನು ಎಷ್ಟು ಚೆಂದ ಜೋಡಿಸಿದರೂ ಏನು ಬಂತು, ಅದು ಆಗಲೇ ಮಾರಾಟವಾಗಿದೆ. ನಿಮ್ಮ ಗಡಿಬಿಡಿ ಕೂಡ ಕಂತಿನ ಮೇಲೆ ತಗೊಂಡದ್ದೇ.

ನಾನು ಧಾರವಾಡದ ಒಂದು ಬ್ಯಾಂಕಿನಲ್ಲಿ 26 ವರ್ಷ ಸಾಲದ ಕೌಂಟರಿನಲ್ಲಿ ಕೂತವಳು. ಬಂದವರು ಬಡ್ಡಿ ಕೇಳುತ್ತಿದ್ದರು, ಕಂತು ಕೇಳುತ್ತಿದ್ದರು, ಯಾವ ಯಾವ ಕಾಗದ ಬೇಕು ಅಂತ ಕೇಳುತ್ತಿದ್ದರು. ಈ ಕಂತು ಕಟ್ಟಲು ನಾನು ದಿನಕ್ಕೆ ಎಷ್ಟು ತಾಸು ಜಾಸ್ತಿ ದುಡಿಯಬೇಕು ಅಂತ ಒಬ್ಬರೂ ಕೇಳಲಿಲ್ಲ. ನಾನಾಗಿಯೂ ಹೇಳಲಿಲ್ಲ. ಈಗ ಹೇಳುತ್ತೇನೆ.

ಒಂದು ಹಾಳೆ ತಗೊಳ್ಳಿ. ನಿಮ್ಮ 34,000ದಲ್ಲಿ ಬಸ್ಸು, ಹೊರಗಿನ ಚಹಾ-ನಾಷ್ಟಾ, ಕಚೇರಿಗೆ ಅಂತಲೇ ಕೊಳ್ಳುವ ಸೀರೆ, ಚಪ್ಪಲಿ, ಇದಕ್ಕೆಲ್ಲ ಒಂದು 3,000 ತೆಗೆಯಿರಿ. ಉಳಿದದ್ದು 31,000. ಇನ್ನು ತಾಸು ಲೆಕ್ಕ ಹಾಕೋಣ. ಕಚೇರಿಯಲ್ಲಿ ಕೂತ ಹೊತ್ತಷ್ಟೇ ಸಾಲದು, ಚಿಗರಿ ಬಸ್ಸಿನಲ್ಲಿ ನಿಂತ ಹೊತ್ತೂ ನೀವು ಕೊಟ್ಟದ್ದೇ ಅಲ್ವಾ? ಎಂಟೂವರೆಯಿಂದ ಏಳೂಕಾಲು ಅಂದರೆ ಹತ್ತೂಮುಕ್ಕಾಲು ತಾಸು, 25 ದಿನಕ್ಕೆ ಸುಮಾರು 269. ಭಾಗಿಸಿದರೆ ತಾಸಿಗೆ 115 ರೂಪಾಯಿ ಬರುತ್ತದೆ. ಆ 26,000ದ ಮೊಬೈಲಿಗೆ ನೀವು ಕೊಟ್ಟದ್ದು 226 ತಾಸು. ಬೆಳಿಗ್ಗೆ ಚಿಗರಿ ಹತ್ತಿ ಸಂಜೆ ಇಳಿಯುವ ಪೂರಾ 21 ದಿನ. ಮೊಬೈಲ್ ಬೇಡ ಅಂತ ನಾನು ಹೇಳುತ್ತಿಲ್ಲ. ಅಂಗಡಿಯಲ್ಲಿ "ತಿಂಗಳಿಗೆ ಇಷ್ಟೇ ಇಷ್ಟು" ಅಂದಾಗ ಈ 21 ದಿನ ಕಣ್ಣ ಮುಂದೆ ಬರಬೇಕು, ಅಷ್ಟೇ.

ಇನ್ನು ಕಾರು. ಕಂತು 13,000, ವಿಮೆ ಮತ್ತು ಸರ್ವಿಸ್ ತಿಂಗಳಿಗೆ ಹಂಚಿದರೆ 2,000 ಅಂತ ಹಿಡಿಯೋಣ, ಪೆಟ್ರೋಲ್ 2,000. ಒಟ್ಟು 17,000. ತಿಂಗಳಿಗೆ ಐದು ಸಲ ಹೊರಗೆ ತೆಗೆದರೆ ಒಂದು ಸಲಕ್ಕೆ 3,400 ಬಿತ್ತು. ಅಷ್ಟು ದುಡ್ಡಿಗೆ ಬೇಕಾದಾಗ ಬಾಡಿಗೆ ಕಾರು ಕರೆಸಿದರೂ ಉಳಿಯುತ್ತದೆ. 8 ಲಕ್ಷಕ್ಕೆ ಏಳು ವರ್ಷ 13,000 ಕಂತು ಅಂದರೆ ಬಡ್ಡಿ ನೂರಕ್ಕೆ ಒಂಬತ್ತೂವರೆಯ ಹತ್ತಿರ ಇರಬೇಕು. ಹಾಗಿದ್ದರೆ ಎರಡು ವರ್ಷದಲ್ಲಿ ನೀವು ಕಟ್ಟಿದ್ದು ಮೂರು ಲಕ್ಷದ ಮೇಲೆ, ಅಸಲು ಇಳಿದದ್ದು ಒಂದೂಮುಕ್ಕಾಲು ಲಕ್ಷದ ಆಸುಪಾಸು. ಇನ್ನೂ ಆರು ಲಕ್ಷ ಚಿಲ್ಲರೆ ಹಾಗೇ ಕೂತಿದೆ. ಅದಕ್ಕಾಗಿ ನೀವು ರಾತ್ರಿ ಊಟದ ತಾಟು ಎತ್ತಿದ ಮೇಲೆ ಅಂಗಡಿಯವರ ಬಿಲ್ಲು ಹರಡಿಕೊಂಡು ಕೂರುತ್ತೀರಿ. ಅದೇ ಹೊತ್ತಿಗೆ ಮಗಳು ನಿಮ್ಮ ಪಕ್ಕ ಬಂದು ನಿಂತಿರುತ್ತಾಳೆ.

ನನ್ನ ಮಾತು ಕೇಳುವುದಾದರೆ ಕಾರು ಮಾರಿಬಿಡಿ. ಸಾಲ ತೀರಿಸಿದ ಮೇಲೆ ಕೈಗೆ ಏನೂ ಉಳಿಯದಿರಬಹುದು, ಸ್ವಲ್ಪ ಕೈಯಿಂದಲೇ ಹಾಕಬೇಕಾಗಲೂಬಹುದು, ಆದರೂ ಪರವಾಗಿಲ್ಲ. ಬಾಡಿಗೆ ಕಾರಿಗೆ ಅಂತ 4,000 ಎತ್ತಿಟ್ಟರೂ ತಿಂಗಳಿಗೆ 13,000 ಮನೆಯಲ್ಲೇ ನಿಲ್ಲುತ್ತದೆ. ಆಗ ಜಿಎಸ್‌ಟಿ ಲೆಕ್ಕದ 7,000 ಬಿಟ್ಟುಕೊಟ್ಟರೂ 6,000 ಮೇಲೆ. ತಿಂಗಳಿಗೆ 45 ತಾಸು ನಿಮ್ಮ ಕೈಗೆ ವಾಪಸ್ಸು ಬರುತ್ತವೆ. ಕೆಲಸದ ಮಾತು ಒಂದೆರಡು ಇವೆ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಎನ್‌ಒಸಿ, ಫಾರ್ಮ್ 35 ತಗೊಂಡು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ಮೇಲಿನ ಸಾಲದ ನಮೂದು ತೆಗೆಸಬೇಕು. ಅವಧಿಗೆ ಮೊದಲು ತೀರಿಸಿದ್ದಕ್ಕೆ ಶುಲ್ಕ ಇದೆಯಾ ಅಂತ ಒಪ್ಪಂದ ಪತ್ರ ನೋಡಿ, ಬಡ್ಡಿ ಸ್ಥಿರವಾಗಿದ್ದರೆ ಇರಬಹುದು. ಮನೆ ಸಾಲ ಬದಲಾಗುವ ಬಡ್ಡಿಯದಾಗಿದ್ದರೆ ಮುಂಗಡ ಕಟ್ಟಿದ್ದಕ್ಕೆ ಬ್ಯಾಂಕು ಶುಲ್ಕ ಹಾಕುವಂತಿಲ್ಲ, 2012ರಲ್ಲೇ ರಿಸರ್ವ್ ಬ್ಯಾಂಕು ಹೇಳಿದೆ. ಉಳಿದ ದುಡ್ಡು ಯಾವಾಗಾದರೂ ಅಲ್ಲಿಗೆ ಹೋಗಲಿ.

ಓಣಿಯವರು ಏನಂತಾರೆ, ಬೀಗರು ಏನಂತಾರೆ ಅನ್ನುವ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಆಗಲೇ ಬಂದಿರುತ್ತದೆ. ಅನ್ನುತ್ತಾರೆ. ಒಂದು ತಿಂಗಳು ಅನ್ನುತ್ತಾರೆ. ಕಂತು ಐದು ವರ್ಷ ಇದೆ.

ನಮ್ಮ ಕಡೆ ಬಿಡುವಿಲ್ಲ ಅನ್ನುವುದೇ ಒಂದು ದೊಡ್ಡಸ್ತಿಕೆ ಆಗಿಬಿಟ್ಟಿದೆ. ಯಾರಾದರೂ ಬಿಡುವಿನ ಮಾತು ಎತ್ತಿದರೆ "ಕಾಯಕವೇ ಕೈಲಾಸ" ಅಂದು ಬಾಯಿ ಮುಚ್ಚಿಸುತ್ತಾರೆ. ನನಗೆ ಇದು ನಿಜಕ್ಕೂ ನೋವು ಕೊಡುವ ಮಾತು. ಆಯ್ದಕ್ಕಿ ಮಾರಯ್ಯನ ಕತೆ ನಿಮಗೂ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ದಿನದ ಅಳತೆಗಿಂತ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ ನೋಡಿದಳು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದಳು. ಎಷ್ಟು ಸಾಕು ಅಂತ ಆ ಮನೆಯಲ್ಲಿ ಒಬ್ಬರಿಗೆ ಗೊತ್ತಿತ್ತು. ಅದೂ ಕಾಯಕದ ಮಾತೇ. ನಮ್ಮ ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಎತ್ತಿಗೆ ಒಂದು ದಿನ ಬಿಟ್ಟುಕೊಟ್ಟ ಜನ ನಾವು, ಮನೆಯ ಹೆಣ್ಣುಮಗಳಿಗೆ ಬಿಟ್ಟುಕೊಟ್ಟಿಲ್ಲ.

ಇದೆಲ್ಲ ಎಲ್ಲರಿಗೂ ಹೇಳುವ ಮಾತಲ್ಲ ಅಂತ ನನಗೆ ಗೊತ್ತು. ನಾಲ್ಕು ಮನೆ ಪಾತ್ರೆ ತಿಕ್ಕಿ ಮಗನ ಫೀ ಕಟ್ಟುವ ತಾಯಿಗೆ ಬಿಡುವು ಮಾಡಿಕೊಳ್ಳಿ ಅಂದರೆ ಅದು ಕ್ರೂರತನ. ಆಕೆಗೆ ಬೇಕಾದದ್ದು ಹೆಚ್ಚಿನ ಕೂಲಿ. ನಿಮ್ಮ ಮನೆಗೆ 93,000 ಬರುತ್ತದೆ ತಂಗಿ, ಆರಿಸಿಕೊಳ್ಳುವ ಶಕ್ತಿ ನಿಮಗಿದೆ, ಅದಕ್ಕೇ ಇಷ್ಟು ನೇರವಾಗಿ ಹೇಳುತ್ತಿದ್ದೇನೆ.

ಹೇಳಲು ಇನ್ನೂ ಒಂದು ಕಾರಣ ಇದೆ. ನಮ್ಮ ಅಪ್ಪ ಗದಗಿನ ಬೆಟಗೇರಿಯಲ್ಲಿ ಕುಣಿಮಗ್ಗದ ಮೇಲೆ ಸೀರೆ ನೇಯುತ್ತಿದ್ದರು. ಅವರು ಹಾಸಿಗೆ ಹಿಡಿದ ವರ್ಷ ನಾನು ಧಾರವಾಡದ ಮನೆಗೆ ಮೇಲಿನ ಮಹಡಿ ಕಟ್ಟಿಸುತ್ತಿದ್ದೆ, ಬಾಡಿಗೆಗೆ ಕೊಟ್ಟರೆ ನಾಳೆ ಆಸರೆ ಆಗುತ್ತದೆ ಅಂತ. ರವಿವಾರ ಬಂತೆಂದರೆ ಗೌಂಡಿ, ಉಸುಕು, ಸಿಮೆಂಟು. ಹುಬ್ಬಳ್ಳಿಯಿಂದ ಗದಗ ರೈಲಿನಲ್ಲಿ ಒಂದು ತಾಸಿನ ಹಾದಿ, ಅಷ್ಟೇ. ಅಪ್ಪ ತೀರಿಕೊಂಡ ಮೇಲೆ ಒಂದು ಸಂಜೆ ಆ ವರ್ಷದ ಪಾಸ್‌ಬುಕ್ ತೆರೆದು ಕೂತೆ. ಕಬ್ಬಿಣದಂಗಡಿ, ಇಟ್ಟಿಗೆ, ಮತ್ತೆ ಕಬ್ಬಿಣದಂಗಡಿ. ಗದಗಿಗೆ ಎಷ್ಟು ಸಲ ಹೋಗಿದ್ದೆ ಅಂತ ಬೆರಳೆಣಿಸಿದೆ. ನಾಲ್ಕು ಸಲ. ನನಗೆ ಅಪ್ಪ ಎಲ್ಲಕ್ಕಿಂತ ಹೆಚ್ಚು ಅಂತ ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಪಾಸ್‌ಬುಕ್ ಬೇರೆ ಹೇಳುತ್ತಿತ್ತು. ಮಹಡಿಗೆ ಈಗ ಬಾಡಿಗೆಯವರು ಇದ್ದಾರೆ, ಒಳ್ಳೆಯ ಜನ. ಆ ಮೆಟ್ಟಿಲು ಹತ್ತುವಾಗ ಇವತ್ತಿಗೂ ಮಗ್ಗದ ಸಪ್ಪಳ ನೆನಪಾಗುತ್ತದೆ.

ಹಾಗಾಗಿ ಬರುವ ರವಿವಾರ ಒಂದು ಕೆಲಸ ಮಾಡಿ. ನೀವು, ಮನೆಯವರು ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ, ಮಗಳಿಗೆ 17 ಆಗುವ ಹೊತ್ತಿಗೆ ನಮ್ಮ ಮನೆ ಹೇಗಿರಬೇಕು ಅಂತ ಮೂರು ಮಾತು ಬರೆಯಿರಿ. ಒಬ್ಬರದನ್ನು ಒಬ್ಬರು ಇಣುಕಬಾರದು. ಆಮೇಲೆ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಆ ಮೂರು ಮಾತಿಗೆ ಹೋದ ಖರ್ಚಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಹೋದ ವಾರದ ತಾಸುಗಳಿಗೂ ಹಾಗೇ ಮಾಡಿ. ಕೆಂಪು ಬಹಳ ಕಡಿಮೆ ಕಂಡರೆ ಜಗಳ ಬೇಡ. ಯಾವ ಒಂದು ಖರ್ಚು ನಿಂತರೆ ಯಾವ ಒಂದು ಕೆಲಸ ಬಿಡಬಹುದು ಅಂತ ಜೋಡಿ ಹುಡುಕಿ. ನಿಮ್ಮ ಮನೆಯಲ್ಲಿ ಕಾರು ಮತ್ತು ಜಿಎಸ್‌ಟಿ ಲೆಕ್ಕ ಜೋಡಿ ಅಂತ ನನಗೆ ಕಂಡಿತು, ನಿಮಗೆ ಬೇರೆ ಕಾಣಬಹುದು.

ಭಿಶಿ ಬಿಡಬೇಡಿ, ಗೊತ್ತಿದ್ದವರ ನಡುವೆ ನಡೆಯುತ್ತಿದ್ದರೆ ಒಳ್ಳೆಯದೇ. ಎತ್ತಿದ ದುಡ್ಡು ಮಾತ್ರ ಸೀರೆ ಅಂಗಡಿಗೆ ಹೋಗದಿರಲಿ. ಮಗಳ ಹೆಸರಿಗೆ ಸುಕನ್ಯಾ ಸಮೃದ್ಧಿ ಖಾತೆ ಇನ್ನೂ ಇಲ್ಲದಿದ್ದರೆ ಪೋಸ್ಟ್ ಆಫೀಸಿನಲ್ಲಿ ತೆರೆಯಿರಿ, ಹತ್ತು ವರ್ಷ ತುಂಬುವುದರೊಳಗೆ ತೆರೆಯಬೇಕು. ವರ್ಷಕ್ಕೆ 250 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಎಷ್ಟಾದರೂ ಕಟ್ಟಬಹುದು, ಕಟ್ಟುವುದು 15 ವರ್ಷ.

ಇನ್ನೊಂದು ಮಾತು, ಇದನ್ನು ಮನೆಯವರಿಗೂ ಓದಿ ಹೇಳಿ. ಅವರು ಎಲ್ಲಿ ಕೆಲಸ ಮಾಡುತ್ತಾರೆ, ಸಂಬಳ ಎಷ್ಟು, ಯಾವುದರ ಮೇಲೆ ಹೋಗುತ್ತಾರೆ ಅಂತ ಬರೆದಿದ್ದೀರಿ. ಮನೆಗೆ ಬಂದ ಮೇಲೆ ಏನು ಮಾಡುತ್ತಾರೆ ಅಂತ ಬರೆದೇ ಇಲ್ಲ. ಐದಕ್ಕೆ ಏಳುವುದು ನೀವೊಬ್ಬರೇ ಆದರೆ ಯಾವ ಲೆಕ್ಕವೂ ನಿಮ್ಮನ್ನು ಉಳಿಸುವುದಿಲ್ಲ. ಮಗನಿಗೆ 11 ವರ್ಷ, ತನ್ನ ತಾಟು ತಾನು ತೊಳೆಯಬಲ್ಲ. ವಾರದಲ್ಲಿ ನಾಲ್ಕು ದಿನ ರೊಟ್ಟಿ ಬಡಿಯುವುದನ್ನು ಬಿಟ್ಟು ಹತ್ತಿರದ ರೊಟ್ಟಿ ಕೇಂದ್ರದಿಂದ ಖಡಕ್ ರೊಟ್ಟಿ ತರಿಸಿ. ಅದು ದುಂದುಗಾರಿಕೆ ಅಲ್ಲ. ಬೆಳಿಗ್ಗೆಯ ಮುಕ್ಕಾಲು ತಾಸು ನಿಮಗೆ ಸಿಗುತ್ತದೆ, ರೊಟ್ಟಿ ಮಾಡುವ ಇನ್ನೊಬ್ಬ ಹೆಣ್ಣುಮಗಳಿಗೆ ದುಡಿಮೆ ಸಿಗುತ್ತದೆ.

ತಂಬೂರಿಯನ್ನು ಇವತ್ತೇ ಇಳಿಸಿ. ಕಾರು ಮಾರುವ ತನಕ ಕಾಯಬೇಡಿ. ಇಷ್ಟು ವರ್ಷ ಅಟ್ಟದಲ್ಲಿದ್ದರೆ ತಂತಿಗೆ ತುಕ್ಕು ಹಿಡಿದಿರುತ್ತದೆ, ತಂತಿ ಕೂರುವ ಕುದುರೆಯ ಮೇಲಿನ ದಾರ ಪುಡಿಯಾಗಿರುತ್ತದೆ. ಒಣ ಬಟ್ಟೆಯಿಂದ ಒರೆಸಿ, ಬುರುಡೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಬಿರುಕು ಇದ್ದರೆ ಸಪ್ಪಳದಲ್ಲೇ ಗೊತ್ತಾಗುತ್ತದೆ. ನಾಲ್ಕು ಹೊಸ ತಂತಿ ಹಾಕಿಸಿ. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದವರು. ನೀವು ದಿನಾ ಧಾರವಾಡಕ್ಕೆ ಹೋಗೇ ಹೋಗುತ್ತೀರಿ. ವಾರಕ್ಕೆ ಒಂದು ಸಂಜೆ ಗುರುಗಳ ಮನೆಗೆ ಹೋಗಿ ಒಂದು ಬಸ್ಸು ತಡವಾಗಿ ಬಂದರೆ ಮನೆ ಮುಳುಗುವುದಿಲ್ಲ. ಉಳಿದ ದಿನ ಊಟ ಆದ ಮೇಲೆ ಮಗಳನ್ನು ಪಕ್ಕ ಕೂರಿಸಿಕೊಂಡು ತಂಬೂರಿ ಮೀಟಿ. ಅವಳ ಪ್ರಶ್ನೆಗೆ ಬೇರೆ ಉತ್ತರ ಬೇಕಾಗಿಲ್ಲ.

ಪ್ರಶ್ನೆ: ಅಕ್ಕಾ, ನಾನು ಹಾವೇರಿ ಜಿಲ್ಲೆಯವನು, 27 ವರ್ಷ. ನೀನು ಅಂತಲೇ ಬರೆಯಿರಿ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ನಾಲ್ಕನೇ ವರ್ಷ. ಪಿಎಸ್‌ಐ, ಕೆಎಎಸ್, ಎಫ್‌ಡಿಎ, ಬ್ಯಾಂಕು, ಎಲ್ಲಕ್ಕೂ ಅರ್ಜಿ ಹಾಕಿದ್ದೇನೆ. ಬೆಳಿಗ್ಗೆ ಕೋಚಿಂಗ್, ಮಧ್ಯಾಹ್ನ ಲೈಬ್ರರಿ, ಸಂಜೆ ಪಾರ್ಸೆಲ್ ಹಂಚುವ ಕೆಲಸ, ರಾತ್ರಿ ಟೆಲಿಗ್ರಾಂ ಗುಂಪುಗಳಲ್ಲಿ ಬಂದ ಪಿಡಿಎಫ್ ಇಳಿಸಿಕೊಳ್ಳುವುದು. ಒಂದು ನಿಮಿಷ ಬಿಡುವಿಲ್ಲ, ಆದರೂ ಓದೇ ಇಲ್ಲ ಅನಿಸುತ್ತದೆ. ಅಪ್ಪ ಮೆಣಸಿನಕಾಯಿ ಬೆಳೆದು ದುಡ್ಡು ಕಳಿಸುತ್ತಾರೆ. 9,000ದ ಇನ್ನೊಂದು ಆನ್‌ಲೈನ್ ಕೋರ್ಸಿದೆ, ಸೇರಲಾ?

ಉತ್ತರ: ಬೇಡ ತಮ್ಮಾ.

ಆ 9,000 ಅಂದರೆ ಎಷ್ಟು ಚೀಲ ಅಂತ ಒಮ್ಮೆ ಅಪ್ಪನನ್ನು ಕೇಳು. ಹಣ್ಣಾದ ಕಾಯಿ ಬಿಡಿಸಿ, ಕಣದಲ್ಲಿ ಒಣಗಿಸಿ, ಮಂಜು ಬೀಳುತ್ತದೆ ಅಂತ ರಾತ್ರಿ ಮುಚ್ಚಿ, ಕೊಳೆತದ್ದನ್ನು ಆರಿಸಿ ತೆಗೆದು, ಚೀಲ ತುಂಬಿ ಬ್ಯಾಡಗಿ ಮಾರುಕಟ್ಟೆಗೆ ತಂದು ದರ ಕೂಗುವ ತನಕ ಉಸಿರು ಬಿಗಿಹಿಡಿದು ನಿಂತು ಬಂದ ದುಡ್ಡು ಅದು. ಇದನ್ನು ನಿನಗೆ ಅಪರಾಧ ಅನಿಸಲಿ ಅಂತ ಹೇಳುತ್ತಿಲ್ಲ. ಅಪ್ಪ ಆ ದುಡ್ಡು ಕಳಿಸುತ್ತಿರುವುದು ನೀನು ಓದಲಿ ಅಂತ. ಹೊಸ ಕೋರ್ಸು ಕೊಂಡ ದಿನ ಓದಿದಷ್ಟೇ ಸಮಾಧಾನ ಆಗುತ್ತದೆ, ಮೋಸ ಇರುವುದೇ ಅಲ್ಲಿ.

ನೀನು ಸೋಮಾರಿ ಅಲ್ಲ, ನಾಲ್ಕು ಪರೀಕ್ಷೆಗೆ ಹರಿದು ಹಂಚಿಹೋಗಿದ್ದೀಯ. ಬ್ಯಾಂಕಿಗೆ ಬೇಕಾದ ವೇಗದ ಲೆಕ್ಕ ಬೇರೆ, ಕೆಎಎಸ್ ಮುಖ್ಯ ಪರೀಕ್ಷೆಯ ಉದ್ದುದ್ದ ಉತ್ತರ ಬೇರೆ, ಪಿಎಸ್‌ಐಗೆ ಓಟ, ಜಿಗಿತ ಬೇರೆ. ಇವತ್ತು ರಾತ್ರಿ ಕೂತು ಒಂದನ್ನು ಆರಿಸು. ಆಯ್ಕೆ ಮಾಡುವಾಗ ಯಾವುದು ದೊಡ್ಡ ಹುದ್ದೆ ಅಂತ ನೋಡಬೇಡ, ಯಾವ ಕೆಲಸವನ್ನು ಮೂವತ್ತು ವರ್ಷ ಮಾಡಬಲ್ಲೆ ಅಂತ ನೋಡು. ಅದಕ್ಕೆ ಬೇಡದ ಗುಂಪುಗಳಿಂದ ಹೊರಗೆ ಬಾ. ಪಾರ್ಸೆಲ್ ಕೆಲಸ ಬಿಡಬೇಡ, ರೂಮಿನ ಬಾಡಿಗೆ ನಿನ್ನ ಕೈಯಿಂದ ಹೋಗುವುದು ಒಳ್ಳೆಯದೇ, ಆದರೆ ಪರೀಕ್ಷೆಗೆ ಮೂರು ತಿಂಗಳಿದ್ದಾಗ ನಿಲ್ಲಿಸಲು ಈಗಿನಿಂದ ಸ್ವಲ್ಪ ಸ್ವಲ್ಪ ಕೂಡಿಡು. ಇನ್ನು ಎರಡು ಪ್ರಯತ್ನ ಅಂತ ಗೋಡೆಯ ಮೇಲೆ ಬರೆದಿಡು. ಆಗದಿದ್ದರೆ ಮುಂದೇನು ಅಂತ ಈಗಲೇ ಅಪ್ಪನ ಜೊತೆ ಮಾತಾಡು, ಊರಿಗೆ ಹೋದಾಗ, ಹೊಲದ ಬದುವಿನ ಮೇಲೆ ಕೂತು. ಫೋನಿನಲ್ಲಿ ಬೇಡ.

ಪ್ರಶ್ನೆ: ಗದಗ ತಾಲೂಕಿನವನು, ನಿವೃತ್ತ ಶಿಕ್ಷಕ, 63. ನಿವೃತ್ತಿಯ ನಂತರ ಓಡಾಟ ಇಮ್ಮಡಿಯಾಗಿದೆ. ಸಹಕಾರಿ ಸಂಘ, ಗುಡಿಯ ಕಮಿಟಿ, ನಿವೃತ್ತರ ಸಂಘ, ಇನ್ನೂ ಎರಡು ಸಮಿತಿ. ಮೇಲೆ ವಾರಕ್ಕೆ ಎರಡಾದರೂ ಲಗ್ನ, ಆಯೇರಿ. ಪಿಂಚಣಿಯಲ್ಲಿ ಇದಕ್ಕೇ ಎಷ್ಟೋ ಹೋಗುತ್ತದೆ. ಓಣಿಯ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುವ ಆಸೆ ಇತ್ತು. ಮನೆಯವರಿಗೆ ಹಂಪಿ ತೋರಿಸುತ್ತೇನೆ ಅಂತ ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ. ಇಲ್ಲ ಅನ್ನಲು ಬರುವುದಿಲ್ಲ, ಏನು ಮಾಡಲಿ?

ಉತ್ತರ: ಗುರುಗಳೆ, ಸಹಕಾರಿ ಸಂಘವೊಂದನ್ನು ಇಟ್ಟುಕೊಳ್ಳಿ. 1905ರಲ್ಲಿ ನಿಮ್ಮ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ರೈತರು ಸಾಹುಕಾರರ ಸಾಲಕ್ಕೆ ಸಿಕ್ಕಿ ಸಾಯಬಾರದು ಅಂತ. ಲೆಕ್ಕ ಬಲ್ಲ, ಕೈ ಶುದ್ಧ ಇರುವ ಮೇಷ್ಟ್ರೊಬ್ಬರು ಅಲ್ಲಿ ಇವತ್ತಿಗೂ ಬೇಕು. ಉಳಿದ ನಾಲ್ಕು ಕಡೆ ನೀವಿಲ್ಲದಿದ್ದರೂ ನಡೆಯುತ್ತದೆ. ಬರುವ ತಿಂಗಳು ಒಂದಕ್ಕೆ ರಾಜೀನಾಮೆ ಕೊಡಿ, ಅದರ ಮುಂದಿನ ತಿಂಗಳು ಇನ್ನೊಂದಕ್ಕೆ. ಒಟ್ಟಿಗೆ ಬಿಟ್ಟರೆ ಸಿಟ್ಟಾಗಿದ್ದೀರಿ ಅಂದುಕೊಳ್ಳುತ್ತಾರೆ.

ಲಗ್ನಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ. ರಕ್ತಸಂಬಂಧ, ಓಣಿ, ಹಳೆಯ ಶಿಷ್ಯರು, ಇಷ್ಟಕ್ಕೆ ಹೋಗಿ. ಉಳಿದವರಿಗೆ ಫೋನ್ ಮಾಡಿ ಹರಸಿ. ಇಲ್ಲ ಅನ್ನುವ ಮಾತು ಬಾಯಿಗೆ ಬರುವುದಿಲ್ಲ ಅಂದಿರಿ. ಸಂಜೆ ಐದೂವರೆಗೆ ಹತ್ತು ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡುಬಿಡಿ, ಆಗ "ಹುಡುಗರು ಕಾಯ್ತಿರ್ತಾವರೀ" ಅಂದರೆ ಸಾಕು, ಎಂಥವರೂ ಒತ್ತಾಯ ಮಾಡುವುದಿಲ್ಲ.

ಹಂಪಿಗೆ ಮಾತ್ರ ತಡ ಮಾಡಬೇಡಿ. ಗದಗಿನಿಂದ ಹೊಸಪೇಟೆಗೆ ನೇರ ರೈಲಿದೆ. ಬಿಸಿಲು ಏರುವ ಮೊದಲು ಒಂದು ದಿನ ನೋಡಿ, ಇಬ್ಬರಿಗೂ ಟಿಕೆಟ್ ತೆಗೆಸಿ, ರಾತ್ರಿ ಅಲ್ಲೇ ಉಳಿಯಿರಿ. ಆ ದಿನ ಯಾವುದಾದರೂ ಸಭೆ ಇದ್ದೇ ಇರುತ್ತದೆ. ಟಿಕೆಟ್ ಕೈಗೆ ಬಂದ ಮೇಲೆ ಅವರಿಗೆ ತಿಳಿಸಿ, ಮೊದಲೇ ಬೇಡ.